ಯಾರು ಬೇಕಾದರೂ ಮಾಡಬಹುದಾದ ಕೆಲಸ

ಇದು ಮೆಟ್ಟಿಲು ತೊಟ್ಟಿಗಳ ಕಾಲ. ಮೂರೋ ನಾಲ್ಕೋ ಉದ್ದನೆಯ ಮರದ ಪೆಟ್ಟಿಗೆಗಳನ್ನು ದಸರಾ ಗೊಂಬೆ ಕೂರಿಸುವ ಹಾಗೆ ಒಂದರ ಹಿಂದೆ ಒಂದು ಏರಿಸಿ ನಿಲ್ಲಿಸುವುದು, ಕೆಳಗಿನ ಮೆಟ್ಟಿಲಿಗೆ ಪುದೀನ, ನಡುವಿನದಕ್ಕೆ ಕೊತ್ತಂಬರಿ, ಮೆಂತ್ಯ, ಮೇಲಿನದಕ್ಕೆ ದೊಡ್ಡಪತ್ರೆಯನ್ನೋ ಸೇವಂತಿಗೆಯನ್ನೋ ನೆಡುವುದು. ಬಾಡಿಗೆ ಮನೆಯ ಬಾಲ್ಕನಿ ಚಿಕ್ಕದು, ಗಿಡದ ಆಸೆ ದೊಡ್ಡದು. ಜಾಗವನ್ನು ಅಗಲಕ್ಕೆ ಕೇಳುವ ಬದಲು ಎತ್ತರಕ್ಕೆ ಕೇಳುವ ಈ ಉಪಾಯದಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಗಾರೆ ಬಳಿದ ನಗರದಲ್ಲಿ ಒಂದು ಹಿಡಿ ಸೊಪ್ಪು ಸ್ವಂತದ್ದಾದರೆ ಸಂತೋಷವೇ.

ನನ್ನ ಜಗಳ ಇರುವುದು ಆ ತೊಟ್ಟಿಯ ಜೊತೆಗಲ್ಲ, ಅದರ ಜೊತೆಗೇ ಅಂಟಿಕೊಂಡು ಬರುವ ಒಂದು ಮಾತಿನ ಜೊತೆಗೆ. ಮನೆಯಲ್ಲೇ ಮರದ ತೊಟ್ಟಿ ಮಾಡುವುದನ್ನು ಹೇಳಿಕೊಡುವ ವಿಡಿಯೊಗಳೆಲ್ಲ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ: ‘ಯಾವ ಕೌಶಲವೂ ಬೇಡ. ಒಂದು ಭಾನುವಾರ ಸಾಕು. ಯಾರು ಬೇಕಾದರೂ ಮಾಡಬಹುದು.’ ಕೇಳಲು ಇದು ತುಂಬ ಉದಾರವಾದ, ಎಲ್ಲರನ್ನೂ ಒಳಗೆ ಕರೆಯುವ ಮಾತು. ಆದರೆ ಇದಕ್ಕಿಂತ ಅಹಂಕಾರದ ಮಾತು ನನಗೆ ಈಚೆಗೆ ಕಂಡಿಲ್ಲ. ಒಬ್ಬ ಬಡಗಿ ಹತ್ತು ವರ್ಷ ಕೂತು ಕಲಿತದ್ದನ್ನು ಹತ್ತು ನಿಮಿಷದಲ್ಲಿ ‘ಏನೂ ಅಲ್ಲ’ ಎಂದು ತಳ್ಳಿಹಾಕುವ ಮಾತು ಅದು. ಸಂಗೀತದ ಬಗ್ಗೆ ನಾವು ಹೀಗೆ ಹೇಳುವುದಿಲ್ಲ. ‘ಯಾವ ಸ್ವರಜ್ಞಾನವೂ ಬೇಡ, ಈ ಭಾನುವಾರ ಒಂದು ಕಲ್ಯಾಣಿ ಹಾಡಿಬಿಡಿ’ ಎಂದರೆ ನಗುತ್ತೇವೆ. ಉಳಿ, ಗರಗಸದ ವಿಷಯ ಬಂದಾಗ ಮಾತ್ರ ನಗು ಬರುವುದಿಲ್ಲ, ನಂಬಿಕೆ ಬರುತ್ತದೆ.

ನಂಬುವ ಮೊದಲು ಆ ತೊಟ್ಟಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲು ಭಾರ. ಮೂರು ಅಡಿ ಉದ್ದ, ಎಂಟು ಅಂಗುಲ ಅಗಲ, ಎಂಟು ಅಂಗುಲ ಆಳದ ಒಂದು ಪೆಟ್ಟಿಗೆಯಲ್ಲಿ ಸುಮಾರು 38 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ತೋಟದ ಮಣ್ಣನ್ನು ಲೀಟರಿಗೆ ಒಂದೂವರೆ ಕೆಜಿ ಎಂದು ಹಿಡಿದರೂ ಒಂದು ಪೆಟ್ಟಿಗೆಗೆ 55 ಕೆಜಿ ಮೀರುತ್ತದೆ. ಮೂರು ಮೆಟ್ಟಿಲಿಗೆ ಹತ್ತಿರ ಹತ್ತಿರ 170 ಕೆಜಿ. ಇಷ್ಟು ಭಾರ ಮೂರಡಿಗೆ ಎರಡಡಿ ಜಾಗದಲ್ಲಿ, ಅಂದರೆ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚಿನ ನೆಲದಲ್ಲಿ, ನಾಲ್ಕು ಕಾಲಿನ ಮೇಲೆ ನಿಲ್ಲಬೇಕು. ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕೆಜಿ ಹೊರೆಯನ್ನು ಲೆಕ್ಕ ಹಿಡಿದು ವಿನ್ಯಾಸ ಮಾಡಬೇಕೆಂಬುದು ನಮ್ಮ ದೇಶದ ಮಾನಕ. ಈ ತೊಟ್ಟಿ ತಾನು ನಿಂತ ಜಾಗದಲ್ಲಿ ಅದರ ಎರಡರಷ್ಟು ಭಾರ ಹಾಕುತ್ತದೆ. ಒಂದು ತೊಟ್ಟಿಗೆ ತಾರಸಿ ಕುಸಿಯುವುದಿಲ್ಲ, ನಿಜ. ಆದರೆ ಸಾಲಾಗಿ ಎಂಟು ಹತ್ತು ಇಡುವ ಉತ್ಸಾಹಿಗಳು ಎಂಜಿನಿಯರನ್ನು ಒಂದು ಮಾತು ಕೇಳಬೇಡವೇ? ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಹಗುರ ಮಾಡಬೇಕು ಎಂಬ ಸಲಹೆ ಇಲ್ಲಿ ಗಿಡದ ಆರೋಗ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಇನ್ನು ಜೋಡಣೆ. ಪೆಟ್ಟಿಗೆಯನ್ನು ಪಕ್ಕದ ಓರೆಗಾಲಿಗೆ ಎರಡು ಸ್ಕ್ರೂ ಹಾಕಿ ನೇತುಹಾಕಿದರೆ ಅಷ್ಟೂ ಮಣ್ಣಿನ ಭಾರ ಆ ಎರಡು ಸ್ಕ್ರೂಗಳ ಕುತ್ತಿಗೆಯ ಮೇಲೆ ಬೀಳುತ್ತದೆ. ಓರೆಗಾಲಿನಲ್ಲಿ ಕಚ್ಚು ತೆಗೆದು, ಅಡ್ಡಪಟ್ಟಿ ಕೂರಿಸಿ, ಅದರ ಮೇಲೆ ಪೆಟ್ಟಿಗೆ ಕುಳಿತರೆ ಭಾರ ಮರದಿಂದ ಮರಕ್ಕೆ, ಮರದಿಂದ ನೆಲಕ್ಕೆ ಇಳಿಯುತ್ತದೆ. ‘ಹೊರುವುದು ಮರದ ಕೆಲಸ, ಹಿಡಕೊಂಡಿರುವುದು ಮೊಳೆಯ ಕೆಲಸ’ ಎಂದು ನನಗೆ ಹೇಳಿಕೊಟ್ಟವರು ಒಬ್ಬ ಬಡಗಿ. ಚೌಕಟ್ಟು ನಾಲ್ಕು ಮೂಲೆಯದ್ದಾದರೆ ತಳ್ಳಿದ ಕಡೆಗೆ ವಾಲುತ್ತದೆ. ಹಿಂಬದಿಗೆ ಒಂದು ಓರೆಪಟ್ಟಿ ಹೊಡೆದು ತ್ರಿಕೋನ ಮಾಡಿದರೆ ವಾಲುವುದಿಲ್ಲ. ಇದನ್ನು ರೇಖಾಗಣಿತದ ಪುಸ್ತಕದಲ್ಲಿ ಓದಿದ್ದ ನನಗೆ ಕೈಯಲ್ಲಿ ಅಲುಗಾಡಿಸಿ ನೋಡಿದ ದಿನವೇ ಅದು ತಿಳಿದದ್ದು.

ಇನ್ನು ಮರ. ಮರ ಸತ್ತ ವಸ್ತುವಲ್ಲ. ಕೊಯ್ದು ಹಲಗೆ ಮಾಡಿದ ಮೇಲೂ ಅದು ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ತಳದ ಹಲಗೆಗಳನ್ನು ಸಂದಿಲ್ಲದಂತೆ ಬಿಗಿದರೆ ಮೊದಲ ಆಷಾಢಕ್ಕೇ ಅವು ಉಬ್ಬಿ ಪಕ್ಕದ ಹಲಗೆಗಳನ್ನು ಹೊರಕ್ಕೆ ನೂಕುತ್ತವೆ. ನಡುವೆ ಒಂದು ನಾಣ್ಯ ತೂರುವಷ್ಟು ಸಂದು ಬಿಟ್ಟರೆ ಉಬ್ಬಲು ಜಾಗವೂ ಆಯಿತು, ನೀರು ಬಸಿಯಲು ದಾರಿಯೂ ಆಯಿತು. ಹಲಗೆಯ ಕೊಯ್ದ ತುದಿ ಹೀರುಕೊಳವೆಗಳ ಕಟ್ಟಿದ್ದಂತೆ, ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕಾಲುಗಳು ಒದ್ದೆ ನೆಲಕ್ಕೆ ತಾಗಬಾರದು, ಕೆಳಗೊಂದು ಕಲ್ಲಿನ ಚೂರು ಬೇಕು. ತುದಿಗಳಿಗೆ ಎರಡು ಕೈ ಹೆಚ್ಚು ಎಣ್ಣೆ ಬೇಕು. ಕರಾವಳಿಯಲ್ಲಿ ದೋಣಿಗೂ ಮನೆಯ ಮರಕ್ಕೂ ಗೇರೆಣ್ಣೆ ಬಳಿಯುತ್ತಿದ್ದವರು ಇದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಮರ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದೇ ಹಾಳೆಗೆ ತಳದಲ್ಲಿ ತೂತು ಮಾಡದಿದ್ದರೆ ನೀರು ನಿಂತು ಗಿಡದ ಬೇರು ಮೊದಲು ಕೊಳೆಯುತ್ತದೆ, ಆಮೇಲೆ ಮರ.

ಮೇಲಿನ ಪೆಟ್ಟಿಗೆಯಿಂದ ಬಸಿದ ನೀರು ಕೆಳಗಿನದಕ್ಕೆ ಇಳಿಯುತ್ತದೆ. ಹಾಗಾಗಿ ಬೇಗ ಒಣಗುವ ಮೇಲಿನ ಮೆಟ್ಟಿಲಿಗೆ ದೊಡ್ಡಪತ್ರೆ, ಲೋಳೆಸರ, ಸದಾ ತೇವವಿರುವ ಕೆಳಗಿನ ಮೆಟ್ಟಿಲಿಗೆ ಪುದೀನ. ಇಂಥ ಕ್ರಮದಲ್ಲಿ ಅಂದಕ್ಕಿಂತ ನೀರಿನ ಲೆಕ್ಕ ದೊಡ್ಡದು.

ಬಿಸಿಲಿನ ಲೆಕ್ಕವಂತೂ ವಿಡಿಯೊಗಳಲ್ಲಿ ಪೂರ್ತಿ ತಲೆಕೆಳಗು. ‘ದಕ್ಷಿಣಕ್ಕೆ ಮುಖಮಾಡಿ ಇಡಿ’ ಎನ್ನುವುದು ಅಮೆರಿಕದ, ಯುರೋಪಿನ ಅಕ್ಷಾಂಶಗಳಲ್ಲಿ ಹುಟ್ಟಿದ ಸಲಹೆ. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಏಪ್ರಿಲ್ 24ರ ಆಸುಪಾಸಿಗೆ ಒಮ್ಮೆ, ಆಗಸ್ಟ್ 18ರ ಆಸುಪಾಸಿಗೆ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆರಳು ಕಾಲಡಿಗೆ ಸೇರುತ್ತದೆ. ಅವೆರಡರ ನಡುವಿನ ಹತ್ತಿರ ಹತ್ತಿರ ನಾಲ್ಕು ತಿಂಗಳು ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ಇಳಿಯುವ ಮೆಟ್ಟಿಲಿನ ಬೆನ್ನಿಗೆ ಆಗ ಬಿಸಿಲು. ಪೂರ್ವಕ್ಕೆ ಇಳಿಯುವಂತೆ ಇಟ್ಟರೆ ಬೆಳಗಿನ ಎಳೆಬಿಸಿಲು ಮೂರೂ ಮೆಟ್ಟಿಲಿಗೆ ಸಿಗುತ್ತದೆ, ಪಡುವಣದ ಸುಡುಬಿಸಿಲಿಗೆ ಹಿಂಬದಿಯ ಹಲಗೆಯೇ ಮರೆಯಾಗುತ್ತದೆ. ಇದು ಯಾವ ಗೂಢವಿದ್ಯೆಯೂ ಅಲ್ಲ. ಇಲ್ಲಿನ ಅಂಗಳದಲ್ಲಿ ಹಪ್ಪಳ ಒಣಗಿಸಿದ ಯಾವ ಅಜ್ಜಿಗಾದರೂ ಗೊತ್ತಿರುವ ಸಂಗತಿ.

ಹೀಗೆ ಭಾರ, ಕಚ್ಚು, ನೀರು, ಬಿಸಿಲು ಎಂದು ಬಿಡಿಸಿ ಹೇಳುತ್ತಿರುವುದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಇದೆಲ್ಲವನ್ನೂ ಯಾರು ಬೇಕಾದರೂ ಕಲಿಯಬಹುದು. ‘ಕಲಿಯಬಹುದು’ ಎನ್ನುವುದಕ್ಕೂ ‘ಕಲಿಯುವುದೇ ಬೇಡ’ ಎನ್ನುವುದಕ್ಕೂ ಆಕಾಶ ಭೂಮಿಯ ಅಂತರವಿದೆ. ಮೊದಲನೆಯದು ಪ್ರಜಾಪ್ರಭುತ್ವದ ಮಾತು, ಎರಡನೆಯದು ಸಾಮಾನು ಮಾರುವವರ ಮಾತು.

ಹೌದು, ಮಾರುವವರ ಮಾತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಉಪನಗರಗಳಲ್ಲಿ ‘ನೀವೇ ಮಾಡಿಕೊಳ್ಳಿ’ ಎಂಬುದು ದೊಡ್ಡ ಅಲೆಯಾಗಿ ಎದ್ದಿತು. ಅದಕ್ಕೆ ಅಲ್ಲಿ ಕಾರಣವಿತ್ತು. ಹೊಸ ಮನೆಗಳು ಸಾಲುಸಾಲಾಗಿ ಎದ್ದಿದ್ದವು, ಕೆಲಸಗಾರರ ಕೂಲಿ ದುಬಾರಿಯಾಗಿತ್ತು, ಮರ ಅಗ್ಗವಾಗಿತ್ತು. ಒಂದೇ ಅಳತೆಯ, ಒಣಗಿಸಿ ಹತ್ತರಿ ಹೊಡೆದ ಹಲಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿತ್ತು. ಅಲ್ಲಿ ‘ಎರಡು ಬೈ ನಾಲ್ಕು’ ಎಂದು ಮಾರುವ ಪಟ್ಟಿಯ ನಿಜವಾದ ಅಳತೆ ಒಂದೂವರೆ ಅಂಗುಲಕ್ಕೆ ಮೂರೂವರೆ ಅಂಗುಲ. ಇಲ್ಲಿ ಮರದ ಮಂಡಿಗೆ ಹೋಗಿ ಕೇಳಿದರೆ ಘನ ಅಡಿಯ ಲೆಕ್ಕದಲ್ಲಿ ದಿಮ್ಮಿ ತೋರಿಸುತ್ತಾರೆ. ಕೊಯ್ಯಿಸುವುದು, ಒಣಗಿಸುವುದು, ಹದ ಮಾಡುವುದು ನಮ್ಮ ತಲೆನೋವು. ಅಲ್ಲಿನ ವಿಡಿಯೊ ಹೇಳುವ ಸೀಡರ್, ರೆಡ್‌ವುಡ್ ಇಲ್ಲಿ ಇಲ್ಲ. ಅದರ ಬದಲು ಜನ ಕೊಳ್ಳುವುದು ಹಡಗಿನಲ್ಲಿ ಸರಕು ಹೊತ್ತು ಬಂದ ಪ್ಯಾಲೆಟ್‌ಗಳ ಪೈನ್ ಹಲಗೆ. ಅದರ ಮೇಲೆ ಎಚ್‌ಟಿ ಎಂಬ ಮುದ್ರೆಯಿದ್ದರೆ ಮರದ ಒಳತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಎಂದರ್ಥ. ತಿನ್ನುವ ಸೊಪ್ಪು ಬೆಳೆಯುವವರು ಈ ಎರಡನೆಯ ಮುದ್ರೆಯ ಹಲಗೆಯನ್ನು ಮನೆಗೆ ತರಬಾರದು. ಮೊದಲನೆಯದೂ ಆ ದಿನ ಒಳಗಿದ್ದ ಹುಳುವನ್ನು ಕೊಂದಿರುತ್ತದೆ ಅಷ್ಟೇ, ನಾಳೆ ಬರುವ ಗೆದ್ದಲಿಗೆ ಅದು ಅಡ್ಡಿಯಲ್ಲ. ಹಳೆಯ ರೈಲ್ವೆ ಸ್ಲೀಪರ್ ಗಟ್ಟಿಯಿರುತ್ತದೆಂದು ತರುವವರಿದ್ದಾರೆ. ಅದು ಬಾಳಿಕೆ ಬಂದದ್ದೇ ಕ್ರಿಯೋಸೋಟ್ ಕುಡಿದು. ಅಮೆರಿಕದಲ್ಲೇ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಬೆರೆತ ರಕ್ಷಕ ಉಣಿಸುವುದು 2003ರ ಕೊನೆಯವರೆಗೂ ನಡೆದಿತ್ತು.

ನಮ್ಮ ಕಡೆ ಯಾವ ಮರ? ಕಾಫಿ ತೋಟದ ಸಿಲ್ವರ್ ಓಕ್ ಸುಲಭಕ್ಕೆ ಸಿಗುತ್ತದೆ, ಆದರೆ ಅದು ಮನೆಯೊಳಗಿನ ಮರ, ಮಳೆಗೆ ನಿಲ್ಲುವುದಲ್ಲ. ಹಲಸಿನ ಚೇಗು ನಿಲ್ಲುತ್ತದೆ. ತೇಗದ ಕೆಚ್ಚು ನಿಲ್ಲುತ್ತದೆ, ಜೇಬು ನಿಲ್ಲುವುದಿಲ್ಲ. ಮಲೆನಾಡು ಕರಾವಳಿಯ ಗುಡ್ಡಗಳ ತುಂಬ ನೆಟ್ಟ ಅಕೇಶಿಯಾ ಮಧ್ಯಮ. ಈ ಮೂರು ಸಾಲು ಯಾವ ವಿಡಿಯೊದಲ್ಲೂ ನನಗೆ ಸಿಗಲಿಲ್ಲ. ಮಂಡಿಯ ಮುಂದಿನ ಚಹಾದಂಗಡಿಯಲ್ಲಿ ಐದು ನಿಮಿಷ ನಿಂತಾಗ ಸಿಕ್ಕಿತು.

ದುಡ್ಡಿನ ಲೆಕ್ಕವನ್ನೂ ನೋಡಿ. ಅಲ್ಲಿ ಕೂಲಿ ದುಬಾರಿ, ಮರ ಅಗ್ಗ. ಇಲ್ಲಿ ಮರ ದುಬಾರಿ, ಕೂಲಿ ಅಗ್ಗ. ‘ನೀವೇ ಮಾಡಿ, ದುಡ್ಡು ಉಳಿಸಿ’ ಎಂಬುದು ಅಲ್ಲಿ ಸತ್ಯ, ಇಲ್ಲಿ ಸುಳ್ಳು. ಒಂದು ಡ್ರಿಲ್, ಒಂದು ವಿದ್ಯುತ್ ಗರಗಸ, ಉಜ್ಜುವ ಯಂತ್ರ, ನಾಲ್ಕು ಕ್ಲಾಂಪು ಕೊಂಡರೆ ಒಬ್ಬ ಬಡಗಿಯ ಎಷ್ಟೋ ದಿನಗಳ ಕೂಲಿ ಆಯಿತು. ಒಂದು ತೊಟ್ಟಿ ಮಾಡಿ ಮುಗಿಸಿದ ಮೇಲೆ ಅವು ಮಂಚದ ಕೆಳಗೆ ಸೇರುತ್ತವೆ. ನಾವು ಕೊಂಡದ್ದು ಉಪಕರಣವಲ್ಲ, ‘ನಾನೇ ಮಾಡಿದೆ’ ಎಂದು ಹೇಳಿಕೊಳ್ಳುವ ಹಕ್ಕು. ಇದೇ ಜನ ಅಡುಗೆಮನೆಯ ಕಪಾಟಿನ ಬಾಗಿಲು ಸರಿಮಾಡಲು ಬಂದ ಬಡಗಿಯ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾನು ನೋಡಿದ್ದೇನೆ, ನೀವೂ ನೋಡಿದ್ದೀರಿ. ‘ಎರಡು ಸ್ಕ್ರೂ ಹಾಕೋಕೆ ಇಷ್ಟಾ?’ ಎನ್ನುತ್ತಾರೆ. ‘ಯಾವ ಕೌಶಲವೂ ಬೇಡ’ ಎಂಬ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಗೊತ್ತಾಯಿತೇ? ಅದು ವಿಡಿಯೊದಲ್ಲಿ ನಿಲ್ಲುವುದಿಲ್ಲ. ಬಡಗಿಯ ಕೂಲಿಯಲ್ಲಿ ಬಂದು ನಿಲ್ಲುತ್ತದೆ. ಯಾರು ಬೇಕಾದರೂ ಮಾಡಬಹುದಾದ ಕೆಲಸಕ್ಕೆ ಯಾರು ತಾನೇ ಬೆಲೆ ಕೊಡುತ್ತಾರೆ?

ಅದೇ ಕೈಕೆಲಸ ಪದವೀಧರರ ಬಾಲ್ಕನಿಯಲ್ಲಿ ನಡೆದರೆ ಅದಕ್ಕೆ ‘ಸೃಜನಶೀಲತೆ’ ಎಂಬ ಹೆಸರು, ಮನಸ್ಸಿನ ಒತ್ತಡಕ್ಕೆ ಮದ್ದು ಎಂಬ ಬಿರುದು. ಬಡಗಿಯ ಕೊಟ್ಟಿಗೆಯಲ್ಲಿ ನಡೆದರೆ ಕೂಲಿ. ಮೈಯೆಲ್ಲ ಮರದ ಹೊಟ್ಟು ಮೆತ್ತಿಕೊಂಡ ನಮ್ಮ ಫೋಟೊ ಚೆಂದ. ಅದೇ ಹೊಟ್ಟು ಮೆತ್ತಿಕೊಂಡ ಬಡಗಿ ಲಿಫ್ಟಿನೊಳಗೆ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅವರಿಗೆ ಬೇರೆ ಲಿಫ್ಟೇ ಇದೆ.

ಇಲ್ಲಿ ಬರುವ ಆಕ್ಷೇಪಗಳು ನನಗೆ ಗೊತ್ತು. ‘ಇಷ್ಟು ಚಿಕ್ಕ ಕೆಲಸಕ್ಕೆ ಬಡಗಿ ಬರುವುದೇ ಇಲ್ಲ’ ಎನ್ನುತ್ತೀರಿ. ನಿಜ. ಬಡಗಿಗಳಲ್ಲಿ ಬಹಳ ಮಂದಿ ಮಾಡ್ಯುಲರ್ ಕಿಚನ್ ಗುತ್ತಿಗೆದಾರರ ಕೆಳಗೆ ಪ್ಲೈವುಡ್ ಕೊಯ್ದು ಲ್ಯಾಮಿನೇಟ್ ಅಂಟಿಸುತ್ತಿದ್ದಾರೆ. ಅರ್ಧ ದಿನದ ಕೆಲಸಕ್ಕೆ ಪೂರ್ತಿ ದಿನ ಹೋಗುತ್ತದೆ, ಕೊನೆಗೆ ಚೌಕಾಸಿ ಬೇರೆ. ಬಾರದಿರುವುದು ಅವರ ಸೊಕ್ಕಲ್ಲ, ಲೆಕ್ಕ. ಪೂರ್ತಿ ದಿನದ ಕೂಲಿ, ಬಂದುಹೋಗುವ ಖರ್ಚು ಮೊದಲೇ ಮಾತಾಡಿ ಕರೆದು ನೋಡಿ.

‘ಕೈಯಾರೆ ಮಾಡುವ ಖುಷಿಯನ್ನು ಯಾಕೆ ಕಿತ್ತುಕೊಳ್ಳುತ್ತೀರಿ?’ ಎಂಬುದು ಇನ್ನೊಂದು. ಕಿತ್ತುಕೊಳ್ಳುತ್ತಿಲ್ಲ. ನಾನೂ ಒಂದು ಮೆಟ್ಟಿಲು ತೊಟ್ಟಿ ಮಾಡಿದ್ದೇನೆ. ಆರು ಭಾನುವಾರ ಹಿಡಿಯಿತು. ನಮ್ಮ ಬೀದಿಯ ಕೊನೆಯಲ್ಲಿ ಕೊಟ್ಟಿಗೆ ಇಟ್ಟುಕೊಂಡಿರುವ, ಅರವತ್ತು ದಾಟಿದ ಬಡಗಿಯೊಬ್ಬರ ಹತ್ತಿರ ಹೋಗಿ, ‘ಆಚಾರ್ರೇ, ನನಗೆ ಮಾಡಿಕೊಡಬೇಡಿ, ಹೇಳಿಕೊಡಿ’ ಎಂದು ಕೇಳಿದೆ. ‘ಹೆಣ್ಣುಮಕ್ಕಳಿಗೆ ಯಾತಕ್ಕಮ್ಮ ಇದು, ಓದ್ತಾ ಇದೀರಲ್ಲ’ ಎಂದರು. ಅವರ ಮಗಳಿಗೂ ಅವರು ಹೇಳಿಕೊಟ್ಟಿರಲಿಲ್ಲ. ಸಂಗೀತದ ಮೇಷ್ಟ್ರಿಗೆ ಕೊಡುವಷ್ಟೇ ಫೀಸು ಕೊಡುತ್ತೇನೆ ಎಂದಾಗ ನಕ್ಕರು, ಆಮೇಲೆ ಗಂಭೀರವಾದರು. ಮೊದಲ ಭಾನುವಾರ ಪೂರ್ತಿ ಗೆರೆ ಎಳೆಯುವುದು, ಮೂಲೆಮಟ್ಟ ಹಿಡಿಯುವುದು. ಎರಡನೆಯದು ಗರಗಸ. ‘ನೋಡಮ್ಮ, ಗರಗಸ ನೂಕಬೇಡಿ, ಅದಕ್ಕೆ ದಾರಿ ಗೊತ್ತು’ ಎನ್ನುವರು. ಹಲಗೆಯನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿ ‘ಇನ್ನೂ ಹಸಿ’ ಎನ್ನುವರು. ಆ ಸದ್ದಿನ ವ್ಯತ್ಯಾಸ ನನ್ನ ಕಿವಿಗೆ ಹತ್ತಲು ನಾಲ್ಕು ವಾರ ಬೇಕಾಯಿತು. ಈ ಖುಷಿಯ ಮುಂದೆ ವಿಡಿಯೊದ ಖುಷಿ ಸಪ್ಪೆ. ಕಲಿಯುವುದು ಎಂದರೆ ಗೊತ್ತಿರುವವರ ಎದುರು ಗೊತ್ತಿಲ್ಲದವರಾಗಿ ಕೂರುವುದು. ‘ಕೌಶಲ ಬೇಡ’ ಎನ್ನುವವರು ನಮಗೆ ತಪ್ಪಿಸುವುದು ಇದನ್ನೇ, ಆ ಕೂರುವುದನ್ನು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ಸುಲಭದ ಉತ್ತರವಿಲ್ಲ. ‘ನೀವು ಕುಲಕಸುಬನ್ನು ವೈಭವೀಕರಿಸುತ್ತಿದ್ದೀರಿ. ಕೈಕೆಲಸದ ಹಿಂದೆ ಜಾತಿಯಿದೆ. ಬಡಗಿಯ ಮಗ ಬಡಗಿಯೇ ಆಗಲಿ ಎಂಬ ವ್ಯವಸ್ಥೆಯನ್ನು ಕಳಚಿಕೊಳ್ಳಲು ಜನ ಒದ್ದಾಡುತ್ತಿರುವಾಗ ನೀವು ಉಳಿ ಬಾಚಿಗೆ ಹೂವು ಏರಿಸುತ್ತಿದ್ದೀರಿ’ ಎಂಬುದು. ಈ ಮಾತಿನ ಹಿಂದೆ ಚರಿತ್ರೆಯಿದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರ ಸರ್ಕಾರ ಪ್ರಾಥಮಿಕ ಶಾಲೆಯ ಹೊತ್ತನ್ನು ಕಡಿತ ಮಾಡಿ, ಉಳಿದ ಹೊತ್ತು ಮಕ್ಕಳು ಅಪ್ಪನ ಕಸುಬು ಕಲಿಯಲಿ ಎಂದಿತು. ಪೆರಿಯಾರ್ ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಬೀದಿಗಿಳಿದರು. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಸರಿಯಾಗಿಯೇ ಕೈಬಿಟ್ಟಿತು. ಜಾತಿ ಎನ್ನುವುದು ದುಡಿಮೆಯನ್ನಷ್ಟೇ ಹಂಚುವುದಿಲ್ಲ, ದುಡಿಯುವವರನ್ನೇ ಮೇಲೆ ಕೆಳಗೆ ಎಂದು ವಿಂಗಡಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟಿದ್ದರು. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಉಪಕರಣಕ್ಕೆ 15,000 ರೂಪಾಯಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ. ಹಣ ಬೇಡವೆನ್ನುವ ಬಡಗಿ ಯಾರೂ ಇಲ್ಲ. ಆದರೆ ಅದರ ನಿಯಮದಲ್ಲಿ ‘ಕುಟುಂಬ ಆಧಾರಿತ ಸಾಂಪ್ರದಾಯಿಕ ಕಸುಬು’ ಎಂಬ ಮಾತು ಕೂತಿದೆ. 2024ರಲ್ಲಿ ತಮಿಳುನಾಡು ಸರ್ಕಾರ ಈಗಿರುವ ರೂಪದಲ್ಲಿ ಇದು ಬೇಡ ಎಂದದ್ದು ಆ ಮಾತಿಗಾಗಿಯೇ.

ಹಾಗಾದರೆ ನಾನು ಯಾವ ಕಡೆ? ಕೌಶಲವನ್ನು ಹೊಗಳಿ ಕುಲಕ್ಕೆ ಕಟ್ಟಿಹಾಕುವವರ ಕಡೆಯಲ್ಲ. ಕೌಶಲವೇ ಇಲ್ಲವೆಂದು ಹೇಳಿ ಕೂಲಿ ತಗ್ಗಿಸುವವರ ಕಡೆಯೂ ಅಲ್ಲ. ಮೇಲ್ನೋಟಕ್ಕೆ ಇವರಿಬ್ಬರು ವಿರೋಧಿಗಳು. ಒಬ್ಬರು ‘ಇದು ರಕ್ತದಲ್ಲಿ ಬರುವ ವಿದ್ಯೆ’ ಎನ್ನುತ್ತಾರೆ, ಇನ್ನೊಬ್ಬರು ‘ಇದು ವಿದ್ಯೆಯೇ ಅಲ್ಲ’ ಎನ್ನುತ್ತಾರೆ. ಎರಡೂ ಕಡೆ ಒಂದು ಸಮಾನ ನಂಬಿಕೆಯಿದೆ: ಇದನ್ನು ಯಾರೂ ಕಲಿಸಬೇಕಿಲ್ಲ, ಯಾರೂ ಕಲಿಯಬೇಕಿಲ್ಲ. ರಕ್ತದಲ್ಲಿ ಬರುವುದಾದರೂ ಕಲಿಕೆ ಬೇಡ, ಏನೂ ಅಲ್ಲದಿದ್ದರೂ ಕಲಿಕೆ ಬೇಡ. ಎರಡೂ ಕಡೆ ಬಡಗಿಗೆ ಗುರುವಿನ ಸ್ಥಾನವಿಲ್ಲ. ಜಾತಿಯಿಂದ ಕಸುಬನ್ನು ಬಿಡಿಸುವ ದಾರಿ ಕಸುಬನ್ನು ಹಗುರ ಮಾಡುವುದಲ್ಲ. ಅದನ್ನು ಯಾರ ಮಕ್ಕಳಾದರೂ ಕಲಿಯಬಹುದಾದ, ಕಲಿಸುವವರಿಗೆ ಸಂಬಳ ಸಿಗುವ ವಿದ್ಯೆಯಾಗಿಸುವುದು. ಬಡಗಿಯ ಮಗಳು ವಕೀಲೆಯಾಗಬೇಕು, ವಕೀಲರ ಮಗ ಹತ್ತರಿ ಹಿಡಿಯಬೇಕು. ಇವೆರಡರಲ್ಲಿ ಒಂದೇ ನಡೆದರೆ ಸಾಲದು.

ನಮ್ಮ ಭಾಷೆಯಲ್ಲೇ ಒಂದು ಸಾಕ್ಷಿ ಕೂತಿದೆ. ಮಲೆನಾಡು ಕರಾವಳಿಯಲ್ಲಿ ಬಡಗಿಯನ್ನು ‘ಆಚಾರ್ರೇ’ ಎಂದು ಕರೆಯುತ್ತೇವೆ. ಆಚಾರಿ ಎಂಬುದು ಆಚಾರ್ಯ ಶಬ್ದದ ತದ್ಭವ. ಆಚಾರ್ಯ ಎಂದರೆ ಕಲಿಸುವವನು. ಬಾಯಲ್ಲಿ ದಿನವೂ ಗುರುವೆಂದು ಕರೆದು, ಕಲಿಯುವ ಮಾತು ಬಂದಾಗ ‘ಯಾವ ಕೌಶಲವೂ ಬೇಡ’ ಎನ್ನುವ ವಿಚಿತ್ರ ನಮ್ಮದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬವರಿದ್ದರು. ಅವರ ಉಪಕರಣವೇ ಅವರ ಹೆಸರಿನೊಳಗಿದೆ. ಅವರ ಪುಣ್ಯಸ್ತ್ರೀ ಕಾಳವ್ವೆ ವಚನಕಾರ್ತಿ. ಒಂದು ಕಾಲದಲ್ಲಿ ಬಾಚಿ ಹಿಡಿದವರ ಮನೆಯಿಂದಲೂ ಕನ್ನಡಕ್ಕೆ ವಿಚಾರ ಬಂದಿತ್ತು. ಈಗ ವಿಚಾರ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ಗುತ್ತಿಗೆ.

ಈ ಮಾತನ್ನು ನನ್ನ ಜಾತಿಗೇ, ಅಂದರೆ ಪಿಎಚ್‌.ಡಿ. ಜಾತಿಗೇ, ತಿರುಗಿಸಿ ಹೇಳಬೇಕು. ನಾವು ಕುಶಲಕರ್ಮಿಗಳ ಬಗ್ಗೆ ಪ್ರಬಂಧ ಬರೆಯುತ್ತೇವೆ. ಅವರ ಕೊಟ್ಟಿಗೆಗೆ ಹೋಗಿ ಗಂಟೆಗಟ್ಟಲೆ ರೆಕಾರ್ಡ್ ಮಾಡುತ್ತೇವೆ. ಪ್ರಬಂಧದಲ್ಲಿ ಅವರು ‘ಮಾಹಿತಿದಾರರು’. ನಮ್ಮ ಮಾರ್ಗದರ್ಶಕರು ಮಾತ್ರ ‘ಗುರುಗಳು’. ಮರದ ಹದ ಗೊತ್ತಿರುವವರು ಮಾಹಿತಿ ಕೊಡುವವರು, ಹದ ಎಂಬ ಪದದ ಬಗ್ಗೆ ಅಡಿಟಿಪ್ಪಣಿ ಬರೆಯುವವರು ಜ್ಞಾನಿಗಳು. ಅವರ ಅರ್ಧ ದಿನದ ಕೂಲಿ ನಮ್ಮಿಂದ ಹಾಳಾದರೆ ಅದಕ್ಕೆ ನಮ್ಮ ಬಜೆಟ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ನಿಯಮ ಹೊರಡಿಸಿತು. ಔಪಚಾರಿಕ ಪದವಿ ಕಡ್ಡಾಯವಲ್ಲ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ ಬೇಕು. ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಬೀದಿಯ ಆಚಾರ್ರು. ಅವರಿಗೆ ಅದರ ಮೂರರಷ್ಟು ಅನುಭವವಿದೆ. ಆದರೆ ಅದೇ ನಿಯಮದಲ್ಲಿ ‘ಹಿರಿಯ ಮಟ್ಟದ ಹುದ್ದೆಯಲ್ಲಿದ್ದವರಿಗೆ ಆದ್ಯತೆ’ ಎಂಬ ಧಾಟಿಯ ಮಾತೂ ಇದೆ. ಕೊಟ್ಟಿಗೆಯಲ್ಲಿ ಹಿರಿಯ ಮಟ್ಟ ಯಾವುದು? ಬಾಗಿಲು ತೆರೆದಿದೆ, ಅದರ ಎತ್ತರವನ್ನು ಮಾತ್ರ ಕಂಪನಿಯ ಅಧಿಕಾರಿಗಳ ಅಳತೆಗೆ ಮಾಡಿದ್ದಾರೆ.

ಶಾಲೆಯ ಮಾತೂ ಇದೇ. 1937ರಲ್ಲಿ ವಾರ್ಧಾದಲ್ಲಿ ಗಾಂಧಿ ಕೈಕಸುಬಿನ ಮೂಲಕವೇ ಶಿಕ್ಷಣ ಎಂದಾಗ ಅದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತಾಗಿತ್ತು. ಆಮೇಲೆ ಅದು ಏನಾಯಿತು? ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ‘ಕ್ರಾಫ್ಟ್’ ಪೀರಿಯಡ್ ಆಯಿತು. ಐಸ್‌ಕ್ರೀಂ ಕಡ್ಡಿಯಲ್ಲಿ ಮನೆ ಮಾಡಿಸುವ ಪೀರಿಯಡ್. ಗಣಿತದ ಮೇಷ್ಟ್ರು ಬಂದರೆ ಅದೂ ಹೋಯಿತು. ಮೂರು ಮೆಟ್ಟಿಲಿನ ಒಂದು ತೊಟ್ಟಿಯಲ್ಲಿ ಘನ ಅಳತೆ, ತ್ರಿಕೋನ, ಅಕ್ಷಾಂಶ, ಬೇರಿನ ಉಸಿರಾಟ, ಕೂಲಿಯ ಲೆಕ್ಕ ಎಲ್ಲವೂ ಇದೆ. ಒಬ್ಬ ಬಡಗಿಯನ್ನು ಸಂಬಳ ಕೊಟ್ಟು ಮೇಷ್ಟ್ರಾಗಿ ಕರೆಸಿ, ಏಳನೆಯ ತರಗತಿಯ ಹುಡುಗ ಹುಡುಗಿಯರು ಸೇರಿ ಶಾಲೆಯ ಅಂಗಳಕ್ಕೆ ಒಂದು ತೊಟ್ಟಿ ಮಾಡಿದರೆ ಆ ವರ್ಷದ ಪಾಠದಲ್ಲಿ ಅರ್ಧ ಅಲ್ಲೇ ಆದೀತು. ಬಿಸಿಯೂಟದ ಸಾರಿಗೆ ಕೊತ್ತಂಬರಿಯೂ ಆದೀತು.

ಆದ್ದರಿಂದ, ತೊಟ್ಟಿ ಮಾಡಿ. ಖಂಡಿತ ಮಾಡಿ. ಆದರೆ ಮಾಡುವ ಮೊದಲು ನಿಮ್ಮ ಬಡಾವಣೆಯಲ್ಲಿ ಕೊಟ್ಟಿಗೆ ಇಟ್ಟುಕೊಂಡಿರುವ ಬಡಗಿ ಯಾರೆಂದು ವಿಚಾರಿಸಿ. ಗರಗಸ ಕೊಳ್ಳಲು ಎತ್ತಿಟ್ಟ ದುಡ್ಡನ್ನು ಅವರಿಗೆ ಫೀಸಾಗಿ ಕೊಟ್ಟು ಒಂದು ತಿಂಗಳು ಅವರ ಗರಗಸದಲ್ಲೇ ಕಲಿಯಿರಿ. ಕೂಲಿ ಎನ್ನಬೇಡಿ, ಫೀಸು ಎನ್ನಿ. ನಿಮ್ಮ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಮಗಳನ್ನೂ ಕೂರಿಸಲು ಹೇಳಿ. ತೊಟ್ಟಿಯ ಫೋಟೊ ಹಾಕುವಾಗ ‘ನಾನೇ ಮಾಡಿದೆ’ ಎಂಬುದರ ಕೆಳಗೆ, ಅವರ ಒಪ್ಪಿಗೆ ಕೇಳಿ, ಕಲಿಸಿದವರ ಹೆಸರು ಬರೆಯಿರಿ. ಮುಂದಿನ ಸಲ ಕಪಾಟಿನ ಬಾಗಿಲು ಸರಿಮಾಡಲು ಬಂದವರು ಎರಡು ಸ್ಕ್ರೂ ಹಾಕಿ ಹಣ ಕೇಳಿದರೆ, ಕೇಳಿದಷ್ಟು ಕೊಡಿ. ಎಲ್ಲಿ ಹಾಕಬೇಕೆಂದು ಅವರಿಗೆ ಗೊತ್ತಿತ್ತು.